ಪಟ್ಟಿಯ ಕೆಳಗಿನ ಅರ್ಧ

ಪ್ರೋಗ್ರಾಮಿಂಗ್ ಸ್ಪರ್ಧೆ ಮುಗಿದ ಮೇಲೆ ಎಲ್ಲರೂ ನೋಡುವುದು ರ‍್ಯಾಂಕ್ ಪಟ್ಟಿಯ ಮೊದಲ ಹತ್ತು ಹೆಸರು. ಗೆದ್ದವರು ಯಾರು, ಎಷ್ಟು ಪ್ರಶ್ನೆ ಬಿಡಿಸಿದರು, ಕೊನೆಯ ಗಳಿಗೆಯಲ್ಲಿ ಯಾರು ಯಾರನ್ನು ದಾಟಿದರು. ಆಮೇಲೆ ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಾ ಹೋಗುತ್ತೇವೆ. ಎರಡು ಬಿಡಿಸಿದವರು, ಒಂದು ಬಿಡಿಸಿದವರು. ಅಲ್ಲಿಂದ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ.

ನಾನು ವಿದ್ಯಾರ್ಥಿಗಳ ಸ್ಪರ್ಧೆಗಳಿಗೆ ಪ್ರಶ್ನೆ ಬರೆದುಕೊಡುತ್ತೇನೆ. ಮುಗಿದ ಮೇಲೆ ಫಲಿತಾಂಶ ತಯಾರಿಸುವ ಕೆಲಸವೂ ನನ್ನದೇ. ಬಹಳ ದಿನ ನಾನೂ ಪಟ್ಟಿಯನ್ನು ಹೀಗೇ ನೋಡುತ್ತಿದ್ದೆ. ಒಂದು ಸಲ ಫಲಿತಾಂಶ ಹಾಕಿದ ಸ್ವಲ್ಪ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ನನ್ನ ರ‍್ಯಾಂಕ್ 2.5 ಅಂತ ಬಂದಿದೆ. ಇದು ಎರಡನೇ ಸ್ಥಾನವಾ, ಮೂರನೇ ಸ್ಥಾನವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಪಟ್ಟಿ ಮಾಡಲು ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಂಡಾಸ್ ಲೈಬ್ರರಿ ಬಳಸಿದ್ದೆ. ಸಾಲು-ಕಾಲಂಗಳಲ್ಲಿರುವ ಮಾಹಿತಿಯನ್ನು ಜೋಡಿಸಿ ಲೆಕ್ಕ ಹಾಕಲು ಸಿದ್ಧವಾಗಿ ಸಿಗುವ ಕೋಡ್ ಅದು. ಅದರ ರ‍್ಯಾಂಕ್ ಫಂಕ್ಷನ್‌ಗೆ ಬೇರೇನೂ ಹೇಳದಿದ್ದರೆ, ಸಮ ಅಂಕ ಬಂದವರಿಗೆ ಸ್ಥಾನಗಳ ಸರಾಸರಿ ಕೊಡುತ್ತದೆ. ಎರಡನೇ ಮತ್ತು ಮೂರನೇ ಜಾಗಕ್ಕೆ ಇಬ್ಬರು ಸಮ ಬಂದರೆ ಇಬ್ಬರಿಗೂ 2.5. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಇದು ಸರಿ. ಸ್ಪರ್ಧೆಯಲ್ಲಿ ನಮಗೆ ಬೇಕಾದದ್ದು 'ಮಿನ್' ಎಂಬ ವಿಧಾನ: ಇಬ್ಬರಿಗೂ 2, ಮುಂದಿನವರಿಗೆ ನೇರವಾಗಿ 4. 'ಡೆನ್ಸ್' ಎಂದು ಹೇಳಿದರೆ ಮುಂದಿನವರಿಗೆ 3 ಬರುತ್ತದೆ. ಒಂದೇ ಪದ ಸೇರಿಸಿದೆ, ಪಟ್ಟಿ ಸರಿಹೋಯಿತು. ಅವಳಿಗೆ ಎರಡನೇ ಸ್ಥಾನ ಎಂದು ಹೇಳಿ ಕಳಿಸಿದೆ.

ಆದರೆ ಆ ತಪ್ಪನ್ನು ಹುಡುಕಲು ಪಟ್ಟಿಯ ಹಿಂದಿನ ಫೈಲನ್ನು ತೆರೆದಿದ್ದೆ. ವಿದ್ಯಾರ್ಥಿಗಳು ಕಳಿಸಿದ ಕೋಡನ್ನು ತಾನೇ ಓಡಿಸಿ ಸರಿ-ತಪ್ಪು ಹೇಳುವ ಜಡ್ಜ್ ಸಿಸ್ಟಂ ಬರೆದಿಟ್ಟ ಸಲ್ಲಿಕೆಗಳ ದಾಖಲೆ ಅದು. ಸುಮ್ನೆ ಒಮ್ಮೆ, ಯಾರು ಎಷ್ಟು ಸಲ ಸಲ್ಲಿಸಿದ್ದಾರೆ ಎಂದು ಎಣಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಮೇಲೆ ಬಂದ ಸಾಲಿನ ಅಂಕ ಸೊನ್ನೆ. ಹತ್ತೊಂಬತ್ತು ಸಲ್ಲಿಕೆ, ಹತ್ತೊಂಬತ್ತೂ ಒಂದೇ ಪ್ರಶ್ನೆಗೆ, ಸರಿ ಉತ್ತರ ಒಂದೂ ಇಲ್ಲ. ಸ್ಪರ್ಧೆಯ ಮೂರು ಗಂಟೆಯಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಪ್ರಯತ್ನ ಮಾಡಿದವರು ಪಟ್ಟಿಯ ತಳದಲ್ಲಿದ್ದರು.

ಅವತ್ತಿನಿಂದ ಫಲಿತಾಂಶವನ್ನು ನಾನು ಕೆಳಗಿನಿಂದ ಓದುತ್ತೇನೆ.

ಪ್ಯಾಂಡಾಸ್ ಬಗ್ಗೆ ಒಂದೆರಡು ಮಾತು, ಬಳಸದವರಿಗಾಗಿ. ವೆಸ್ ಮೆಕಿನ್ನಿ ಇದನ್ನು 2008ರಲ್ಲಿ ಶುರು ಮಾಡಿದರು. ಆಗ ಅವರು ಹಣಕಾಸಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. 2009ರಲ್ಲಿ ಅದು ಓಪನ್ ಸೋರ್ಸ್ ಆಯಿತು. ಹೆಸರಿಗೂ ಪ್ರಾಣಿಗೂ ಸಂಬಂಧವಿಲ್ಲ. 'ಪ್ಯಾನೆಲ್ ಡೇಟಾ' ಎಂಬ ಅರ್ಥಶಾಸ್ತ್ರದ ಪದದಿಂದ ಬಂದದ್ದು. ಒಂದೇ ವ್ಯಕ್ತಿಯನ್ನೋ ಸಂಸ್ಥೆಯನ್ನೋ ಬೇರೆ ಬೇರೆ ಸಮಯದಲ್ಲಿ ಮತ್ತೆ ಮತ್ತೆ ಅಳೆದ ಮಾಹಿತಿಗೆ ಆ ಹೆಸರು. ಯೋಚಿಸಿದರೆ ಸ್ಪರ್ಧೆಯ ದಾಖಲೆಯೂ ಅದೇ. ಒಬ್ಬ ವಿದ್ಯಾರ್ಥಿ, ಮೂರು ಗಂಟೆ, ಮತ್ತೆ ಮತ್ತೆ ಪ್ರಯತ್ನ.

ಸ್ಪ್ರೆಡ್‌ಶೀಟ್‌ನಲ್ಲೇ ಇದನ್ನೆಲ್ಲ ಮಾಡಬಹುದಲ್ವಾ ಎಂದು ಕೇಳುತ್ತಾರೆ. ಮಾಡಬಹುದು. ಆದರೆ ಸ್ಪ್ರೆಡ್‌ಶೀಟ್‌ನಲ್ಲಿ ನಾನು ಅಳಿಸಿದ ಸಾಲು ಅಳಿಸಿಯೇ ಹೋಗುತ್ತದೆ. ಯಾಕೆ ಅಳಿಸಿದೆ ಎಂದು ನಾಳೆ ಯಾರಾದರೂ ಕೇಳಿದರೆ ನನ್ನ ನೆನಪೇ ಗತಿ. ಕೋಡ್‌ನಲ್ಲಿ ಪ್ರತಿ ತೀರ್ಮಾನವೂ ಒಂದು ಸಾಲಾಗಿ ಉಳಿಯುತ್ತದೆ. ಮೂಲ ಫೈಲ್ ಹಾಗೇ ಇರುತ್ತದೆ. ವಿದ್ಯಾರ್ಥಿಗಳ ಅಂಕದ ವಿಷಯ ಬಂದಾಗ ಇದು ಸಣ್ಣ ಸಂಗತಿಯಲ್ಲ.

ಈಗ ದಾಖಲೆಗೆ ಬರುತ್ತೇನೆ. ಒಂದು ಸಲ್ಲಿಕೆಗೆ ಒಂದು ಸಾಲು. ಸಲ್ಲಿಸಿದ ಸಮಯ, ವಿದ್ಯಾರ್ಥಿಯ ಐಡಿ, ಪ್ರಶ್ನೆ, ಭಾಷೆ, ತೆಗೆದುಕೊಂಡ ಸಮಯ, ಮೆಮೊರಿ, ಮತ್ತೆ ವರ್ಡಿಕ್ಟ್, ಅಂದರೆ ಜಡ್ಜ್ ಕೊಟ್ಟ ತೀರ್ಪು. ಸ್ಪರ್ಧೆಗಳಲ್ಲಿ ಕೂತವರಿಗೆ ಈ ಚಿಕ್ಕ ಹೆಸರುಗಳು ಬಾಯಿಪಾಠ. ಎಸಿ ಎಂದರೆ ಸರಿ. ಡಬ್ಲ್ಯೂಎ ಎಂದರೆ ಉತ್ತರ ತಪ್ಪು. ಟಿಎಲ್‌ಇ ಎಂದರೆ ಸಮಯ ಮೀರಿತು. ಆರ್‌ಇ ಎಂದರೆ ಓಡುತ್ತಿದ್ದ ಪ್ರೋಗ್ರಾಂ ಮಧ್ಯದಲ್ಲಿ ನಿಂತಿತು. ಸಿಇ ಎಂದರೆ ಕಂಪೈಲ್ ಆಗಲೇ ಇಲ್ಲ, ಕೋಡ್ ಓಡುವ ರೂಪಕ್ಕೇ ಬರಲಿಲ್ಲ. ನಮ್ಮ ಜಡ್ಜ್ ಇನ್ನೊಂದು ಕಾಲಂ ಕೂಡ ಬರೆಯುತ್ತದೆ: ಮೊದಲು ಎಡವಿದ ಟೆಸ್ಟ್ ಕೇಸ್‌ನ ನಂಬರ್. ಕೋಡನ್ನು ಪರೀಕ್ಷಿಸಲು ಒಂದಾದ ಮೇಲೊಂದು ಕೊಡುವ ಇನ್‌ಪುಟ್‌ಗಳೇ ಟೆಸ್ಟ್ ಕೇಸ್‌ಗಳು. ವರ್ಷಗಟ್ಟಲೆ ನಾನು ಆ ಕಾಲಂ ಕಡೆ ತಿರುಗಿಯೂ ನೋಡಿರಲಿಲ್ಲ. ಅದರ ಮಾತು ಆಮೇಲೆ.

ಮೊದಲು ಸ್ವಚ್ಛ ಮಾಡಬೇಕು. ಈ ಕೆಲಸಕ್ಕೆ ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ತಪ್ಪುಗಳೂ ಇಲ್ಲೇ ಅಡಗಿರುತ್ತವೆ. ದಾಖಲೆ ಇರುವ ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಸರಳ ಪಠ್ಯ) ಓದುವಾಗ ಐಡಿ ಕಾಲಂ ಅಂಕಿಗಳಿಂದ ತುಂಬಿದ್ದರೆ ಪ್ಯಾಂಡಾಸ್ ಅದನ್ನು ಸಂಖ್ಯೆ ಎಂದುಕೊಳ್ಳುತ್ತದೆ. 007 ಎಂಬ ಐಡಿ 7 ಆಗಿಬಿಡುತ್ತದೆ. ಆಮೇಲೆ ಹೆಸರುಗಳ ಪಟ್ಟಿಯ ಜೊತೆ ಹೊಂದಿಸಲು ಹೋದರೆ ಆ ಹುಡುಗ ಸಿಗುವುದೇ ಇಲ್ಲ. ಓದುವಾಗಲೇ 'ಇದು ಅಕ್ಷರ, ಸಂಖ್ಯೆಯಲ್ಲ' ಎಂದು ಹೇಳಬೇಕು. ಸಮಯದ ಕಾಲಂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇರಬಹುದು, ಸ್ಪರ್ಧೆಯ ವೇಳಾಪಟ್ಟಿ ಇನ್ನೊಂದು ಗಡಿಯಾರದಲ್ಲಿ ಇರಬಹುದು. ಪ್ರಶ್ನೆ ಬರೆದವರು ಪರೀಕ್ಷೆಗೆಂದು ಕಳಿಸಿದ ಸಲ್ಲಿಕೆಗಳು ಮಧ್ಯೆ ಸೇರಿಕೊಂಡಿರುತ್ತವೆ. ಸ್ಪರ್ಧೆ ಮುಗಿದ ಮೇಲೂ ಜಡ್ಜ್ ತೆರೆದೇ ಇರುವುದರಿಂದ ಗಂಟೆ ಬಾರಿಸಿದ ನಂತರದ ಸಲ್ಲಿಕೆಗಳೂ ಅದೇ ಫೈಲ್‌ನಲ್ಲಿ ಇರುತ್ತವೆ. ಅವನ್ನು ತೆಗೆದುಹಾಕುವ ಸಾಲನ್ನು ನಾನು ಎಲ್ಲಕ್ಕಿಂತ ಮೊದಲು ಬರೆದಿದ್ದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಸಲ್ಲಿಕೆಗಳ ದಾಖಲೆಯಲ್ಲಿ ಒಂದೂ ಸಲ್ಲಿಸದವರು ಇರುವುದೇ ಇಲ್ಲ. ಬಂದರು, ಲಾಗಿನ್ ಆದರು, ಪ್ರಶ್ನೆಗಳನ್ನು ಓದಿದರು, ಏನೂ ಕಳಿಸದೆ ಎದ್ದುಹೋದರು. ಅವರ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ದಾಖಲೆಯಿಂದ ಲೆಕ್ಕ ಶುರು ಮಾಡಿದರೆ ಅವರು ಸ್ಪರ್ಧೆಗೆ ಬಂದೇ ಇರಲಿಲ್ಲ ಎಂದಾಗುತ್ತದೆ. ಹಾಗಾಗಿ ಹೆಸರು ಕೊಟ್ಟವರ ಪಟ್ಟಿಯನ್ನು ಎಡಗಡೆ ಇಟ್ಟು, ಅದಕ್ಕೆ ದಾಖಲೆಯನ್ನು ಜೋಡಿಸಬೇಕು. ಪ್ಯಾಂಡಾಸ್‌ನಲ್ಲಿ ಇದು 'ಲೆಫ್ಟ್ ಮರ್ಜ್'. ಆಗ ಏನೂ ಕಳಿಸದವರು ಖಾಲಿ ಕಾಲಂಗಳ ಜೊತೆ ಕಾಣಿಸಿಕೊಳ್ಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹೆಸರಿನ ಪಟ್ಟಿಯಲ್ಲಿ ಯಾರಾದರೂ ಎರಡು ಸಲ ನೋಂದಾಯಿಸಿದ್ದರೆ ಅವರ ಎಲ್ಲ ಸಲ್ಲಿಕೆಗಳೂ ಎರಡೆರಡಾಗುತ್ತವೆ, ಪ್ಯಾಂಡಾಸ್ ಒಂದು ಮಾತೂ ಆಡುವುದಿಲ್ಲ. ಮರ್ಜ್‌ಗೆ 'ವ್ಯಾಲಿಡೇಟ್' ಎಂಬ ಆಯ್ಕೆ ಇದೆ. ಒಬ್ಬರಿಗೆ ಒಂದೇ ಹೆಸರು ಇರಬೇಕು ಎಂದು ಅದರಲ್ಲಿ ಹೇಳಿದರೆ, ಹಾಗಿಲ್ಲದಿದ್ದಾಗ ಎರರ್ ಕೊಟ್ಟು ನಿಲ್ಲುತ್ತದೆ. ನಾನು ಅದನ್ನು ಈಗ ಬಿಡುವುದೇ ಇಲ್ಲ.

ಖಾಲಿ ಕಾಲಂ ಎಂದೆನಲ್ಲ, ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ. ಖಾಲಿ ಮತ್ತು ಸೊನ್ನೆ ಒಂದೇ ಅಲ್ಲ.

ವಿದ್ಯಾರ್ಥಿಗಳು ಸಾಲಿನಲ್ಲಿ, ಪ್ರಶ್ನೆಗಳು ಕಾಲಂನಲ್ಲಿ ಬರುವಂತೆ ಪಿವಟ್ ಟೇಬಲ್ ಮಾಡಿದರೆ, ಯಾರೂ ಮುಟ್ಟದ ಮನೆಗಳಲ್ಲಿ ಪ್ಯಾಂಡಾಸ್ 'ನ್ಯಾನ್' ಎಂದು ಬರೆಯುತ್ತದೆ. ಇಲ್ಲಿ ಸಂಖ್ಯೆಯೇ ಇಲ್ಲ ಎಂದು ಅರ್ಥ. ಅದು ಬಂದ ಕೂಡಲೇ ಪೂರ್ಣಾಂಕಗಳ ಕಾಲಂ ದಶಮಾಂಶವಾಗುತ್ತದೆ, 100 ಹೋಗಿ 100.0 ಆಗುತ್ತದೆ. ನ್ಯಾನ್ ತನಗೆ ತಾನೇ ಸಮವಲ್ಲ. ಎರಡು ಖಾಲಿ ಮನೆಗಳನ್ನು ಹೋಲಿಸಿದರೆ 'ಬೇರೆ ಬೇರೆ' ಎಂದೇ ಉತ್ತರ ಬರುತ್ತದೆ. ಇದೆಲ್ಲ ನೋಡಲು ಚೆನ್ನಾಗಿರುವುದಿಲ್ಲ. ಹಾಗಾಗಿ ಟೇಬಲ್ ಮಾಡಿದ ಕೂಡಲೇ ಕೈ ತಾನಾಗಿ 'ಫಿಲ್‌ಎನ್‌ಎ' ಎಂದು ಟೈಪ್ ಮಾಡಿ ಎಲ್ಲ ಕಡೆ ಸೊನ್ನೆ ತುಂಬಿಬಿಡುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 40 ವಿದ್ಯಾರ್ಥಿಗಳು. ಐದನೇ ಪ್ರಶ್ನೆಯನ್ನು 8 ಮಂದಿ ಮಾತ್ರ ಪ್ರಯತ್ನಿಸಿದರು. ಅವರಲ್ಲಿ 6 ಜನರಿಗೆ 100, ಇಬ್ಬರಿಗೆ 0. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು ಸರಾಸರಿ ಕೇಳಿದರೆ ಪ್ಯಾಂಡಾಸ್ ಖಾಲಿ ಮನೆಗಳನ್ನು ಬಿಟ್ಟು ಎಣಿಸುತ್ತದೆ: 600ನ್ನು 8ರಿಂದ ಭಾಗಿಸಿ 75. ಸೊನ್ನೆ ತುಂಬಿ ಕೇಳಿದರೆ 600ನ್ನು 40ರಿಂದ ಭಾಗಿಸಿ 15. ಒಂದೇ ಪ್ರಶ್ನೆ, ಒಂದೇ ಮಕ್ಕಳು. ಒಂದು ಲೆಕ್ಕದಲ್ಲಿ ಪ್ರಶ್ನೆ ಸುಲಭ, ಇನ್ನೊಂದರಲ್ಲಿ ತುಂಬಾ ಕಷ್ಟ.

ಯಾವುದು ನಿಜ? ನನ್ನ ಪ್ರಕಾರ ಎರಡೂ ಅಲ್ಲ. ಆ ಪ್ರಶ್ನೆಯ ಸುದ್ದಿ ಇರುವುದು 8 ಎಂಬ ಅಂಕಿಯಲ್ಲಿ. ಮೂವತ್ತೆರಡು ಜನ ಅದನ್ನು ಯಾಕೆ ಮುಟ್ಟಲಿಲ್ಲ? ಇಂಥದೇ ಒಂದು ಪ್ರಶ್ನೆಯನ್ನು ಹಿಂದಿರುಗಿ ಓದಿದಾಗ ಕಾರಣ ಕಣ್ಣಿಗೆ ರಾಚಿತು. ವಿವರಣೆ ಒಂದೂವರೆ ಪುಟ ಇತ್ತು. ಕೇಳಿದ್ದ ಕೆಲಸ ಮಾತ್ರ ಸರಳವಾಗಿತ್ತು: ವಿಂಗಡಿಸಿ, ಪಕ್ಕಪಕ್ಕದ ಎರಡನ್ನು ಹೋಲಿಸಿದರೆ ಸಾಕು. ಆ ಉದ್ದದ ಕಥೆಯನ್ನು ಬರೆದವನು ನಾನೇ. ಕೊನೆಯಲ್ಲಿ ಇಟ್ಟಿದ್ದೂ ನಾನೇ. ಕೊನೆಯ ಪ್ರಶ್ನೆ ಎಂದರೆ ಕಷ್ಟದ್ದೇ ಇರುತ್ತದೆ ಎಂದುಕೊಂಡು ಮಕ್ಕಳು ಅತ್ತ ಸುಳಿಯಲಿಲ್ಲ.

ಹಾಗಾಗಿ ಪ್ರತಿ ಪ್ರಶ್ನೆಗೂ ಈಗ ನಾನು ಎರಡು ಅಂಕಿ ಬೇರೆ ಬೇರೆಯಾಗಿ ತೆಗೆಯುತ್ತೇನೆ. ಬಂದವರಲ್ಲಿ ಎಷ್ಟು ಜನ ಪ್ರಯತ್ನಿಸಿದರು, ಪ್ರಯತ್ನಿಸಿದವರಲ್ಲಿ ಎಷ್ಟು ಜನ ಬಿಡಿಸಿದರು. ಮೊದಲನೆಯದು ಕಡಿಮೆ, ಎರಡನೆಯದು ಜಾಸ್ತಿ ಇದ್ದರೆ ನಾನು ಬರೆದ ವಿವರಣೆಯನ್ನು ತಿದ್ದುತ್ತೇನೆ. ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ ಇದ್ದರೆ ಸುಲಭ ಎಂದು ಕಾಣಿಸಿ ಒಳಗೆ ಬಲೆ ಇಟ್ಟಿದ್ದೇನೆ ಎಂದು ಅರ್ಥ. ಆ ಬಲೆ ಕಲಿಸುವಂಥದ್ದೋ ಸುಮ್ಮನೆ ಬೀಳಿಸುವಂಥದ್ದೋ ಎಂದು ಕೋಡ್‌ಗಳನ್ನು ತೆರೆದು ನೋಡಬೇಕು.

ಅಂಕ ಕೊಡುವ ನಿಯಮಗಳೂ ಈ ಖಾಲಿಯನ್ನು ಬೇರೆ ಬೇರೆ ರೀತಿಯಲ್ಲಿ ಮರೆಮಾಡುತ್ತವೆ. ಕಾಲೇಜು ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ ಐಸಿಪಿಸಿಯಲ್ಲಿ ಒಂದು ತಂಡಕ್ಕೆ ಮೂವರು, ಒಂದೇ ಕಂಪ್ಯೂಟರ್, ಐದು ಗಂಟೆ. ಪ್ರಶ್ನೆ ಪೂರ್ತಿ ಬಿಡಿಸಿದರೆ ಮಾತ್ರ ಲೆಕ್ಕ. ಸಮ ಬಂದಾಗ ತೆಗೆದುಕೊಂಡ ಒಟ್ಟು ಸಮಯ ನೋಡುತ್ತಾರೆ, ಬಿಡಿಸಿದ ಪ್ರಶ್ನೆಯಲ್ಲಿ ಮೊದಲು ಮಾಡಿದ ಪ್ರತಿ ತಪ್ಪು ಸಲ್ಲಿಕೆಗೂ 20 ನಿಮಿಷ ಸೇರಿಸುತ್ತಾರೆ. ಬಿಡಿಸದ ಪ್ರಶ್ನೆಯ ತಪ್ಪುಗಳಿಗೆ ದಂಡ ಇಲ್ಲ. ಇದು ಸರಿಯಾದ ನಿಯಮ, ಧೈರ್ಯವಾಗಿ ಪ್ರಯತ್ನಿಸಲು ಬಿಡುತ್ತದೆ. ಆದರೆ ಅದೇ ನಿಯಮದಿಂದ, ಬಿಡಿಸಲಾಗದ ಪ್ರಶ್ನೆಗೆ ಎರಡು ಗಂಟೆ ಸುರಿದವರ ಶ್ರಮ ರ‍್ಯಾಂಕ್‌ನಲ್ಲಿ ಎಲ್ಲೂ ಕಾಣುವುದಿಲ್ಲ.

ಶಾಲಾ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್, ಐಒಐ, ಇನ್ನೊಂದು ದಾರಿ ಹಿಡಿದಿದೆ. 1989ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಸ್ಪರ್ಧೆ ಅದು. ಅಲ್ಲಿ ಪ್ರಶ್ನೆಯನ್ನು ತುಂಡುಗಳಾಗಿ ಒಡೆದು ಭಾಗಶಃ ಅಂಕ ಕೊಡುತ್ತಾರೆ. ಚಿಕ್ಕ ಇನ್‌ಪುಟ್‌ಗಳಿಗೆ ಮಾತ್ರ ಓಡುವ ನಿಧಾನದ ಪ್ರೋಗ್ರಾಂಗೂ ಒಂದಿಷ್ಟು ಅಂಕ ಸಿಗುತ್ತದೆ. ಪದಕಗಳೂ ಹೆಚ್ಚುಕಡಿಮೆ ಅರ್ಧ ಸ್ಪರ್ಧಿಗಳಿಗೆ ಸಿಗುತ್ತವೆ: ಚಿನ್ನ, ಬೆಳ್ಳಿ, ಕಂಚು 1:2:3ರ ಪ್ರಮಾಣದಲ್ಲಿ. ಕಲಿಯುತ್ತಿರುವ ಮಕ್ಕಳಿಗೆ ನನಗೆ ಈ ದಾರಿಯೇ ಇಷ್ಟ. ನಮ್ಮ ಸ್ಪರ್ಧೆಯಲ್ಲಿ ಪೂರ್ತಿ ಅಥವಾ ಸೊನ್ನೆ ಎಂಬ ನಿಯಮ ಇದ್ದದ್ದು ಯೋಚಿಸಿ ಇಟ್ಟಿದ್ದಲ್ಲ. ಜಡ್ಜ್‌ನಲ್ಲಿ ಮೊದಲಿನಿಂದ ಹಾಗೆ ಇತ್ತು, ಹಾಗೇ ಬಿಟ್ಟಿದ್ದೆವು.

ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯಲು ಪರೀಕ್ಷೆಗಳನ್ನು ರೂಪಿಸುವವರು ಹಳೆಯ ಉಪಾಯವೊಂದನ್ನು ಬಳಸುತ್ತಾರೆ. ಒಟ್ಟು ಅಂಕದಲ್ಲಿ ಮೇಲಿನ 27 ಶೇಕಡಾ ಮತ್ತು ಕೆಳಗಿನ 27 ಶೇಕಡಾ ಜನರನ್ನು ತೆಗೆದುಕೊಂಡು, ಒಂದು ಪ್ರಶ್ನೆಯನ್ನು ಎರಡೂ ಗುಂಪಿನಲ್ಲಿ ಎಷ್ಟು ಜನ ಬಿಡಿಸಿದರು ಎಂದು ಹೋಲಿಸುವುದು. ಈ 27ರ ಲೆಕ್ಕವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ಕೊಟ್ಟರು. ವ್ಯತ್ಯಾಸ ದೊಡ್ಡದಿದ್ದರೆ ಪ್ರಶ್ನೆ ಗೊತ್ತಿದ್ದವರನ್ನೂ ಗೊತ್ತಿಲ್ಲದವರನ್ನೂ ಬೇರೆ ಮಾಡುತ್ತಿದೆ. ಸೊನ್ನೆಯ ಹತ್ತಿರ ಇದ್ದರೆ ಏನೂ ಹೇಳುತ್ತಿಲ್ಲ. ನಾನು ಇದರ ಜೊತೆಗೆ ಇನ್ನೊಂದನ್ನೂ ಮಾಡುತ್ತೇನೆ: ಒಂದು ಪ್ರಶ್ನೆಯ ಅಂಕಕ್ಕೂ ಉಳಿದ ಪ್ರಶ್ನೆಗಳ ಒಟ್ಟು ಅಂಕಕ್ಕೂ ಇರುವ ಕೋರಿಲೇಷನ್, ಅಂದರೆ ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ. 'ಉಳಿದ' ಎಂಬ ಪದ ಮುಖ್ಯ. ಒಟ್ಟು ಅಂಕದಲ್ಲಿ ಅದೇ ಪ್ರಶ್ನೆಯೂ ಸೇರಿದ್ದರೆ ಅದು ತನ್ನನ್ನು ತಾನೇ ಹೊಗಳಿಕೊಂಡ ಹಾಗೆ.

ಒಮ್ಮೆ ಎರಡನೇ ಪ್ರಶ್ನೆಗೆ ಈ ಅಂಕಿ ಮೈನಸ್ ಬಂತು. ಕೆಳಗಿನ ಗುಂಪಿನವರು ಬಿಡಿಸಿದ್ದಾರೆ, ಮೇಲಿನವರು ಎಡವಿದ್ದಾರೆ. ಮೊದಲು ನನ್ನ ಕೋಡ್‌ನಲ್ಲೇ ತಪ್ಪಿರಬೇಕು ಎಂದು ಹುಡುಕಿದೆ. ಸಿಗಲಿಲ್ಲ. ಆಮೇಲೆ ಸಲ್ಲಿಕೆಗಳನ್ನು ಓದಿದೆ. ಪ್ರತಿ ಹೆಜ್ಜೆಯಲ್ಲೂ ಸದ್ಯಕ್ಕೆ ದೊಡ್ಡದಾಗಿ ಕಂಡದ್ದನ್ನು ಆರಿಸುವ ಗ್ರೀಡಿ ವಿಧಾನ ಅಲ್ಲಿ ತಪ್ಪು. ಅದನ್ನು ಹಿಡಿಯುವ ಟೆಸ್ಟ್ ಕೇಸ್ ನಾನು ಹಾಕಿರಲಿಲ್ಲ. ಗ್ರೀಡಿ ಬರೆದವರಿಗೆಲ್ಲ ಎಸಿ ಸಿಕ್ಕಿತ್ತು. ಅದು ತಪ್ಪು ಎಂದು ಸರಿಯಾಗಿ ಗುರುತಿಸಿದವರು ಕಷ್ಟದ ದಾರಿ ಹಿಡಿದು ಸಮಯ ಮೀರಿ ಸೋತಿದ್ದರು. ಸರಿಯಾಗಿ ಯೋಚಿಸಿದವರಿಗೆ ನನ್ನ ಪ್ರಶ್ನೆ ಶಿಕ್ಷೆ ಕೊಟ್ಟಿತ್ತು. ಅವರಿಗೆ ಅದನ್ನು ಹೇಳಿ ಕ್ಷಮೆ ಕೇಳಿದೆ. ಆ ಟೆಸ್ಟ್ ಸೇರಿಸಿ ಪ್ರಶ್ನೆಯನ್ನು ಅಭ್ಯಾಸಕ್ಕೆ ಮತ್ತೆ ತೆರೆದೆ.

ಅಂಕಿ ಇಷ್ಟನ್ನೇ ಮಾಡಬಲ್ಲದು. 'ಇಲ್ಲಿ ನೋಡು' ಎನ್ನುತ್ತದೆ. ನಲವತ್ತು ಜನರ ಸ್ಪರ್ಧೆಯಲ್ಲಿ 27 ಶೇಕಡಾ ಎಂದರೆ ಹನ್ನೊಂದು ಜನ. ಅವರಲ್ಲಿ ಇಬ್ಬರ ಉತ್ತರ ಬದಲಾದರೆ ಇಡೀ ಅಂಕಿ ಅಲುಗಾಡುತ್ತದೆ. ಅದನ್ನು ತೀರ್ಪು ಎಂದುಕೊಳ್ಳದೆ ಬೆರಳು ತೋರಿಸುವಿಕೆ ಎಂದುಕೊಂಡರೆ ಬಹಳ ಉಪಯೋಗ.

ಭಾಷೆಯ ವಿಷಯದಲ್ಲೂ ಹೀಗೇ ಆಯಿತು. ಭಾಷೆ ಮತ್ತು ವರ್ಡಿಕ್ಟ್ ಎರಡನ್ನೂ 'ಕ್ರಾಸ್‌ಟ್ಯಾಬ್'ಗೆ ಕೊಟ್ಟೆ. ಯಾವ ಭಾಷೆಗೆ ಯಾವ ವರ್ಡಿಕ್ಟ್ ಎಷ್ಟು ಸಲ ಬಂತು ಎಂದು ಎಣಿಸಿ ಅದು ಟೇಬಲ್ ಮಾಡುತ್ತದೆ. ಪೈಥಾನ್ ಸಾಲಿನಲ್ಲಿ ಟಿಎಲ್‌ಇ ತುಂಬಾ ಜಾಸ್ತಿ, ಸಿ ಪ್ಲಸ್ ಪ್ಲಸ್ ಸಾಲಿನಲ್ಲಿ ಕಡಿಮೆ. ಸಮಯದ ಮಿತಿಯನ್ನು ನಾನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಉತ್ತರವನ್ನು ಓಡಿಸಿ ಇಟ್ಟಿದ್ದೆ. ಲೂಪ್‌ಗಳಲ್ಲಿ ಪೈಥಾನ್ ಹತ್ತಾರು ಪಟ್ಟು ನಿಧಾನ ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಪೈಥಾನ್‌ನವರಿಗೆ ಅನ್ಯಾಯವಾಗಿದೆ ಎಂದು ತಕ್ಷಣ ಹೇಳಬಹುದಾ? ಹೇಳಲಾಗದು. ಹೊಸದಾಗಿ ಕಲಿಯುವವರಲ್ಲಿ ಪೈಥಾನ್ ಹಿಡಿಯುವವರೇ ಜಾಸ್ತಿ, ನಿಧಾನದ ಅಲ್ಗಾರಿದಂ ಬರೆಯುವವರೂ ಅವರಲ್ಲೇ ಜಾಸ್ತಿ ಇರಬಹುದು. ಭಾಷೆ ನಿಧಾನವೋ, ಉಪಾಯ ನಿಧಾನವೋ ಎಂದು ಟೇಬಲ್ ನೋಡಿ ತಿಳಿಯುವುದಿಲ್ಲ.

ತಿಳಿಯಲು ಇದ್ದದ್ದು ಒಂದೇ ದಾರಿ. ನನ್ನ ಉತ್ತರಗಳನ್ನೇ ಪೈಥಾನ್‌ನಲ್ಲಿ ಬರೆದು ಓಡಿಸಿದೆ. ಎರಡು ಪ್ರಶ್ನೆಗಳಲ್ಲಿ ಸರಿಯಾದ ಅಲ್ಗಾರಿದಂ ಕೂಡ ಸಮಯ ಮೀರಿತು. ಮರದ ಆಕಾರದ ದತ್ತಾಂಶದ ಮೇಲಿನ ಇನ್ನೊಂದು ಪ್ರಶ್ನೆಯಲ್ಲಿ ಆರ್‌ಇ ಬಂತು. ಒಂದು ಫಂಕ್ಷನ್ ತನ್ನನ್ನು ತಾನೇ ಮತ್ತೆ ಮತ್ತೆ ಕರೆಯುವುದು ರಿಕರ್ಶನ್. ಪೈಥಾನ್ ತಾನಾಗಿ ಅದರ ಆಳವನ್ನು 1000ಕ್ಕೆ ನಿಲ್ಲಿಸುತ್ತದೆ, ನನ್ನ ಇನ್‌ಪುಟ್‌ನಲ್ಲಿ ಒಂದು ಲಕ್ಷ ಉದ್ದದ ಸರಪಳಿ ಇತ್ತು. ಯೋಚನೆಯಲ್ಲಿ ತಪ್ಪಿಲ್ಲದವರು ಅಲ್ಲಿ ಬಿದ್ದಿದ್ದರು. ಈಗ ಪ್ರಶ್ನೆ ಬರೆಯುವಾಗ ಎರಡೂ ಭಾಷೆಯಲ್ಲಿ ಉತ್ತರ ಬರೆದು ಓಡಿಸದೆ ಮಿತಿ ಇಡುವುದಿಲ್ಲ.

ಸಮಯದ ಕಾಲಂ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ಪ್ರಶ್ನೆ ಬಿಡಿಸಲು ಸಾಮಾನ್ಯವಾಗಿ ಎಷ್ಟು ನಿಮಿಷ ಬೇಕಾಯಿತು ಎಂದು ಕೇಳಿದರೆ, ಬಿಡಿಸಿದವರ ಸಮಯ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಬಿಡಿಸದವರು ಹೊರಗೆ ಉಳಿಯುತ್ತಾರೆ. ಹಾಗಾಗಿ ಕಷ್ಟದ ಪ್ರಶ್ನೆ ಬೇಗ ಮುಗಿಯುವಂತೆ ಕಾಣಿಸುತ್ತದೆ, ಯಾಕೆಂದರೆ ಅದನ್ನು ಬಿಡಿಸಿದವರು ಚುರುಕಾದ ನಾಲ್ಕೇ ಜನ. ವೈದ್ಯಕೀಯ ಸಂಶೋಧನೆಯಲ್ಲೂ ಇದೇ ತೊಡಕು ಇದೆ. ಅಧ್ಯಯನ ಮುಗಿಯುವಾಗ ಇನ್ನೂ ಬದುಕಿರುವವರ ಆಯಸ್ಸು ಎಷ್ಟು ಎಂದು ಬರೆಯುವುದು? ಅದಕ್ಕೆ ಸಂಖ್ಯಾಶಾಸ್ತ್ರಜ್ಞರಾದ ಕಪ್ಲಾನ್ ಮತ್ತು ಮೈಯರ್ 1958ರಲ್ಲಿ ದಾರಿ ಕೊಟ್ಟರು: 'ಇಷ್ಟು ಹೊತ್ತಿನವರೆಗೆ ಆಗಿರಲಿಲ್ಲ' ಎಂಬುದನ್ನೂ ಮಾಹಿತಿಯಾಗಿ ಎಣಿಸುವುದು. ಇನ್ನೂ ಆಗದವರ ಪಾಲು ಹೊತ್ತು ಕಳೆದಂತೆ ಹೇಗೆ ಇಳಿಯುತ್ತದೆ ಎಂದು ತೋರಿಸುವ ಅವರ ಗೆರೆಯನ್ನು ಪ್ರಶ್ನೆಗಳಿಗೆ ಎಳೆದಾಗ, ಮೂರು ಗಂಟೆ ಮುಗಿದರೂ ಕೆಳಗಿಳಿಯದೆ ಮೇಲೇ ಉಳಿದ ಗೆರೆಗಳು ಎದ್ದು ಕಂಡವು. ಅವು ಇನ್ನೂ ಬಿಡಿಸುತ್ತಾ ಕೂತಿದ್ದವರ ಗೆರೆಗಳು.

ಇಷ್ಟೆಲ್ಲ ಅಳೆಯಬಹುದು ಎಂದ ಮಾತ್ರಕ್ಕೆ ಎಲ್ಲವನ್ನೂ ಅಳೆಯಬಾರದು. ಒಬ್ಬ ವಿದ್ಯಾರ್ಥಿ ಮೊದಲ ಗಂಟೆಯ ನಂತರ ಏನೂ ಸಲ್ಲಿಸಲಿಲ್ಲ ಎಂದು ದಾಖಲೆ ಹೇಳುತ್ತದೆ. ಬೇಸತ್ತು ಎದ್ದುಹೋದನೋ, ಕಂಪ್ಯೂಟರ್ ಕೆಟ್ಟಿತೋ, ಕಾಗದದ ಮೇಲೆ ಲೆಕ್ಕ ಹಾಕುತ್ತಾ ಕೂತಿದ್ದನೋ ಅದಕ್ಕೆ ಗೊತ್ತಿಲ್ಲ. ನಾನು ಹೆಸರುಗಳನ್ನು ತೆಗೆದು ಐಡಿ ಮಾತ್ರ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಕೆಳಗಿನ ಅರ್ಧದ ಯಾವ ಲೆಕ್ಕವನ್ನೂ ಹೊರಗೆ ಹಾಕುವುದಿಲ್ಲ.

ಈಗ ಆ ಹತ್ತೊಂಬತ್ತು ಸಲ್ಲಿಕೆಗಳ ಸಾಲು.

ಎಡವಿದ ಟೆಸ್ಟ್ ನಂಬರಿನ ಕಾಲಂ ಇದೆ ಎಂದೆನಲ್ಲ. ಆ ಐಡಿಯನ್ನು ಮಾತ್ರ ಆರಿಸಿ, ಸಮಯದ ಪ್ರಕಾರ ಜೋಡಿಸಿ, ಆ ಒಂದು ಕಾಲಂ ಓದಿದೆ. 1, 1, 1, 2, 2, 4, 4, 4, 7. ಮಧ್ಯೆ ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ 7, 9, 9, 12, 12, 12, 17. ಕೊನೆಯ ಮೂರು 23, 23, 23. ಆ ಪ್ರಶ್ನೆಗೆ ನಾನು ಇಟ್ಟಿದ್ದ ಟೆಸ್ಟ್‌ಗಳು 24.

ಟೆಸ್ಟ್ ನಂಬರ್ ಪ್ರಗತಿಯ ಅಳತೆಗೋಲು ಎಂದು ಯಾವಾಗಲೂ ಹೇಳಲಾಗದು, ಟೆಸ್ಟ್‌ಗಳ ಕ್ರಮ ಬರೆದವರ ಇಷ್ಟ. ಆದರೆ ನಾನು ಇಟ್ಟಿದ್ದು ಚಿಕ್ಕದರಿಂದ ದೊಡ್ಡದಕ್ಕೆ. ಮೊದಲು ಪ್ರಶ್ನೆಯಲ್ಲೇ ಕೊಟ್ಟ ಉದಾಹರಣೆ, ಆಮೇಲೆ ಒಂದೇ ಸಂಖ್ಯೆ ಇರುವ ಅಂಚಿನ ಸಂದರ್ಭಗಳು, ಆಮೇಲೆ ಮೈನಸ್ ಸಂಖ್ಯೆಗಳು, ಕೊನೆಗೆ ದೊಡ್ಡ ಇನ್‌ಪುಟ್‌ಗಳು. ಹಾಗಾಗಿ ಆ ಸಾಲನ್ನು ಓದುವುದೆಂದರೆ ಒಬ್ಬರು ಒಂದೊಂದೇ ತಪ್ಪನ್ನು ಹುಡುಕಿ ತೆಗೆಯುತ್ತಾ ಮೆಟ್ಟಿಲು ಹತ್ತುವುದನ್ನು ನೋಡಿದಂತೆ. ಎರಡು ಮುಕ್ಕಾಲು ಗಂಟೆ, ಇಪ್ಪತ್ತೆರಡು ಮೆಟ್ಟಿಲು. ಪಟ್ಟಿಯಲ್ಲಿ ಸೊನ್ನೆ.

ಕೊನೆಯ ಕೋಡ್ ತೆರೆದೆ. ಅಲ್ಗಾರಿದಂ ಪೂರ್ತಿ ಸರಿ. ಪ್ರಶ್ನೆಯಲ್ಲಿ ಒಂದು ಲಕ್ಷದವರೆಗೆ ಸಂಖ್ಯೆಗಳು, ಒಂದೊಂದೂ 100 ಕೋಟಿಯವರೆಗೆ. ಎಲ್ಲವನ್ನೂ ಕೂಡಿದರೆ ಒಂದು ಕೋಟಿ ಕೋಟಿಯವರೆಗೆ ಹೋಗಬಹುದು. ಮೊತ್ತವನ್ನು ಇಟ್ಟಿದ್ದು ಪೂರ್ಣಾಂಕ ಇಡುವ 'ಇಂಟ್' ಎಂಬ ಪೆಟ್ಟಿಗೆಯಲ್ಲಿ. ಅದು ಹಿಡಿಯುವುದು 2,14,74,83,647ರವರೆಗೆ ಮಾತ್ರ. ಅಷ್ಟು ದೊಡ್ಡ ಮೊತ್ತ ಬರುವ ಟೆಸ್ಟ್‌ಗಳು ಕೊನೆಯ ಎರಡೇ. 'ಇಂಟ್' ಇದ್ದ ಜಾಗದಲ್ಲಿ 'ಲಾಂಗ್ ಲಾಂಗ್' ಎಂಬ ದೊಡ್ಡ ಪೆಟ್ಟಿಗೆಯ ಹೆಸರು ಬರೆದಿದ್ದರೆ ಮುಗಿದಿತ್ತು.

ನನಗೆ ಆ ರಾತ್ರಿ ಒಂದು ವಿಷಯ ಬಿಡದೆ ಕಾಡಿತು. ಇದು ಆ ವಿದ್ಯಾರ್ಥಿಗೆ ಗೊತ್ತಾಯಿತಾ? ಸೊನ್ನೆ ನೋಡಿ, ಇದೆಲ್ಲ ನನಗಲ್ಲ ಎಂದುಕೊಂಡು ಹೋಗಿಬಿಟ್ಟಿತಾ ಆ ಜೀವ? ಮರುದಿನ ಹೇಳಬೇಕು ಎಂದುಕೊಂಡೆ. ಆಗ ನೆನಪಾಯಿತು, ನನ್ನ ಕೋಡ್‌ನ ಮೊದಲ ಸಾಲು. ಸ್ಪರ್ಧೆ ಮುಗಿದ ನಂತರದ ಸಲ್ಲಿಕೆಗಳನ್ನೆಲ್ಲ ನಾನೇ ತೆಗೆದುಹಾಕಿದ್ದೆ.

ಆ ಸಾಲನ್ನು ತೆಗೆದು ಮತ್ತೆ ಓಡಿಸಿದೆ.

ಇಪ್ಪತ್ತನೇ ಸಲ್ಲಿಕೆ ಅಲ್ಲಿತ್ತು. ಸ್ಪರ್ಧೆ ಮುಗಿದು ನಲವತ್ತು ನಿಮಿಷದ ನಂತರ. ಅದೇ ಪ್ರಶ್ನೆ, ಒಂದು ಪದ ಬದಲಾಗಿತ್ತು. ವರ್ಡಿಕ್ಟ್ ಎಸಿ. ಅದರ ಕೆಳಗೆ ಇನ್ನೊಂದು ಸಾಲು. ಅದೇ ಐಡಿ, ನಾಲ್ಕನೇ ಪ್ರಶ್ನೆ, ಮೊದಲ ಟೆಸ್ಟ್‌ನಲ್ಲಿ ಡಬ್ಲ್ಯೂಎ.